ಹಳೇ ಸೆಡಾನ್, ಹೊಸ ಸೆಡಾನ್: ನಿಜವಾದ ಪಿಕಪ್ ಯಾವುದರದ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮ ಮನೆ ಮುಂದೆ ನಿಂತಿರೋದು 2002ರ ಹೋಂಡಾ ಸಿಟಿ ವಿಟೆಕ್. ಚಿಕ್ಕಮಗಳೂರಿನಲ್ಲಿರುವ ನನ್ನ ಭಾಮೈದನದ್ದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. ಮದುವೆ, ನಾಮಕರಣ, ತಿಥಿ ಅಂತ ಎರಡೂ ಗಾಡಿ ಬೇಲೂರು ರಸ್ತೆಯಲ್ಲಿ ಓಡಾಡ್ತಾನೇ ಇರುತ್ತವೆ. ಎಲೆ ಮುಂದೆ ಕೂತಾಗಲೂ ನಮ್ಮಿಬ್ಬರದ್ದು ಅದೇ ಜಗಳ: ಯಾವುದು ಜೋರು? ನೆಂಟರು, ಪೆಟ್ರೋಲ್ ಬಂಕಿನ ಹುಡುಗರು, ಗ್ಯಾರೇಜಿನಲ್ಲಿ ಸಿಕ್ಕವರು ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೀನಿ.

ಸುತ್ತಿ ಬಳಸಿ ಬೇಡ. ಹಳೇದು ಜೋರೋ, ಹೊಸದು ಜೋರೋ?

ಹೊಸದು. ನನ್ನ ಸಿಟಿ 1.5 ಲೀಟರಿನ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಕ) ಇಲ್ಲದ 106 ಹಾರ್ಸ್‌ಪವರ್ ಗಾಡಿ. ವರ್ಟಸ್ ಜಿಟಿಯದ್ದೂ 1.5 ಲೀಟರ್ ಎಂಜಿನ್ನೇ, ಆದರೆ ಟರ್ಬೊ ಸೇರಿ 150 ಹಾರ್ಸ್‌ಪವರ್, 250 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ). ಹೊಸದು ಇನ್ನೂರು ಕೆಜಿ ಹತ್ತಿರ ಹೆಚ್ಚು ತೂಗಿದರೂ ಲೆಕ್ಕದಲ್ಲಿ ಮುಂದೇನೇ. ಹೇಳಿಬಿಟ್ಟೆ, ಸಮಾಧಾನ ಆಯ್ತಲ್ಲ ಭಾಮೈದ? ಆದರೆ ಎಷ್ಟು ಜೋರು, ಎಲ್ಲಿ ಜೋರು, ಯಾರ ಕೈಯಲ್ಲಿ ಜೋರು ಅನ್ನೋದು ಬೇರೆ ಮಾತು. ಕೆಳಗಿನದ್ದೆಲ್ಲ ಅದರ ಬಗ್ಗೆ.

ಹಾಗಾದ್ರೆ ಹಳೇ ಗಾಡಿಯಲ್ಲೇ ಜೋರಾಗಿ ಹೋದಂಗೆ ಯಾಕೆ ಅನ್ನಿಸುತ್ತೆ?

ಕಿವಿ ಮತ್ತು ಬೆನ್ನು ಸೇರಿ ಮಾಡುವ ಮೋಸ. ಹಳೇ ಸಿಟಿಯಲ್ಲಿ ಸೀಟು ನೆಲಕ್ಕೆ ಹತ್ತಿರ, ಬಾಗಿಲು ತೆಳ್ಳಗೆ, ಎಂಜಿನ್ 5000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ದಾಟಿದರೆ ಒಳಗೆ ಮಾತು ಕೇಳಲ್ಲ. ಸ್ಟೀರಿಂಗ್ ನಡುಗುತ್ತೆ. ಎಂಬತ್ತರಲ್ಲಿ ಹೋದರೂ ನೂರಿಪ್ಪತ್ತರ ಗತ್ತು. ಹೊಸ ಗಾಡಿಯಲ್ಲಿ ಎಸಿ ಹಾಕಿಕೊಂಡು, ಹಾಡು ಹಚ್ಚಿಕೊಂಡು ಹೋಗ್ತಿರ್ತೀರಿ; ಮೀಟರ್ ನೋಡಿದರೆ ಎದೆ ಧಸಕ್ ಅನ್ನುತ್ತೆ.

ಹಳೇ ಡೀಸೆಲ್‌ಗಳದ್ದು ಇನ್ನೊಂದು ಆಟ. ಹ್ಯುಂಡೈ ವೆರ್ನಾ ಸಿಆರ್‌ಡಿಐ ಓಡಿಸಿದವರಿಗೆ ಗೊತ್ತು: ಟರ್ಬೊ ಎಚ್ಚರವಾಗುವ ತನಕ ಗಾಡಿ ಆಕಳಿಸ್ತಾ ಇರುತ್ತೆ, ಎಚ್ಚರ ಆದ ತಕ್ಷಣ ಒದ್ದಂಗೆ ಮುಂದಕ್ಕೆ ಹಾರುತ್ತೆ. ಆ ಒದೆತ ನೆನಪಲ್ಲಿ ಉಳಿಯುತ್ತೆ, ಅದಕ್ಕೆ ಮೊದಲಿನ ಆಕಳಿಕೆ ಮರೆತುಹೋಗುತ್ತೆ. ಹೊಸ ಗಾಡಿ ಒಂದೇ ಸಮ ಎಳೆಯುತ್ತೆ, ಹಾಗಾಗಿ ಏನೂ ಆಗಲಿಲ್ಲ ಅನ್ನಿಸುತ್ತೆ. ಏರುಪೇರು ಇದ್ದರೆ ಮಾತ್ರ ಮೈಗೆ ಗೊತ್ತಾಗೋದು.

ಪತ್ರಿಕೆಯಲ್ಲಿ ಬರೆದ ಸೆಕೆಂಡು (ಸೊನ್ನೆಯಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟುವ ಸಮಯ) ನಮ್ಮೂರಲ್ಲಿ ಯಾಕೆ ಬರಲ್ಲ? ನನ್ನ ಗಾಡಿ ಕೆಟ್ಟಿದೆಯಾ?

ಗಾಡಿ ಕೆಟ್ಟಿರಬಹುದು, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಗಾಳಿ. ಹಾಸನ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿದೆ, ಚಿಕ್ಕಮಗಳೂರು ಸಾವಿರಕ್ಕೆ ಸ್ವಲ್ಪ ಹೆಚ್ಚು. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಹತ್ತಿರ ಹತ್ತಿರ ಶೇ 10 ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಸಿಕ್ಕಿದ ಗಾಳಿಯನ್ನಷ್ಟೇ ಎಳೆದುಕೊಳ್ಳುತ್ತೆ. ಗಾಳಿ ಹತ್ತರಲ್ಲಿ ಒಂದು ಪಾಲು ಕಡಿಮೆ ಆದರೆ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಕಡಿಮೆ. ನನ್ನ ಸಿಟಿಯ 106 ಇಲ್ಲಿ 95ರ ಆಸುಪಾಸು. ಗುಂಡ್ಯದಲ್ಲಿ ಲವಲವಿಕೆಯಿಂದ ಇದ್ದ ಗಾಡಿ ಶಿರಾಡಿ ಘಾಟಿ ಹತ್ತಿ ದೋಣಿಗಾಲ್ ಮುಟ್ಟುವಷ್ಟರಲ್ಲಿ ಮಂಕಾಗೋದು ಏರಿನ ದೆಸೆಯಿಂದ ಮಾತ್ರ ಅಲ್ಲ. ಮುಳ್ಳಯ್ಯನಗಿರಿ 1930 ಮೀಟರ್. ಅಷ್ಟು ಎತ್ತರಕ್ಕೆ ನಷ್ಟ ಶೇ 17ರವರೆಗೆ ಹೋಗುತ್ತೆ, ಅಂದರೆ ನನ್ನ ಗಾಡಿಯಲ್ಲಿ ಉಳಿಯೋದು 88.

ಟರ್ಬೊ ಗಾಡಿಗೆ ಈ ಕಾಟ ಕಡಿಮೆ. ಗಾಳಿ ತೆಳುವಾದರೆ ಎಂಜಿನ್ ಕಂಪ್ಯೂಟರ್ ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಒಳಗಿನ ಒತ್ತಡವನ್ನು ಮೊದಲಿನಷ್ಟೇ ಇಟ್ಟುಕೊಳ್ಳುತ್ತೆ. ಟರ್ಬೊಗೆ ತಾಕತ್ತಿರುವ ತನಕ 150 ಅಂದ್ರೆ 150ರ ಹತ್ತಿರವೇ. ಮಂಗಳೂರಿನಲ್ಲಿ ನಮ್ಮಿಬ್ಬರ ಗಾಡಿಗಳ ಮಧ್ಯೆ ಇದ್ದ 44 ಹಾರ್ಸ್‌ಪವರ್ ಅಂತರ ಮುಳ್ಳಯ್ಯನಗಿರಿ ದಾರಿಯ ಕೈಮರದಲ್ಲಿ 55ಕ್ಕಿಂತ ಹೆಚ್ಚಾಗಿರುತ್ತೆ. ಮಲೆನಾಡಿನಲ್ಲಿ ಹಳೇ ಪೆಟ್ರೋಲ್ ಗಾಡಿಯವರು ಸೋಲೋದು ಇಲ್ಲೇ. ಈ ಲೆಕ್ಕ ಹಾಕುವ ತನಕ ನಾನೂ ಮೆಕ್ಯಾನಿಕ್‌ನನ್ನೇ ಬೈತಿದ್ದೆ.

ಇನ್ನೊಂದು: ಡಿಸೆಂಬರ್ ಬೆಳಗ್ಗೆ ಮಂಜಿನಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತೆ ಅಂತ ಹಿಂದಿನ ಡ್ರೈವರ್‌ಗಳು ಹೇಳ್ತಿದ್ದರಲ್ಲ, ಅದು ಸುಳ್ಳಲ್ಲ. 14 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಶೇ 5ರಷ್ಟು ದಟ್ಟ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ಅಳೆದ ಗಾಡಿಯನ್ನು ಡಿಸೆಂಬರ್ ಬೆಳಗ್ಗೆ ಅಳೆದ ಗಾಡಿ ಪಕ್ಕ ಇಟ್ಟು ಹೋಲಿಸಬೇಡಿ.

ಸೊನ್ನೆಯಿಂದ ನೂರು ಅನ್ನೋದು ನಮಗೆ ಯಾಕೆ ಬೇಕು?

ನಿಜ ಹೇಳಬೇಕಂದ್ರೆ ಬೇಕಾಗಿಲ್ಲ. ಬೇಲೂರು ರಸ್ತೆಯಲ್ಲಿ ಸೊನ್ನೆಯಿಂದ ನೂರಕ್ಕೆ ಯಾರೂ ಹೋಗಲ್ಲ. ನಮಗೆ ಬೇಕಾಗಿರೋದು ಗಂಟೆಗೆ 30 ಕಿಲೋಮೀಟರಿನಲ್ಲಿ ಏರು ಹತ್ತುತ್ತಿರುವ ಲಾರಿಯನ್ನು ಎರಡು ತಿರುವಿನ ಮಧ್ಯೆ ದಾಟೋದು. ಹಾಗಾಗಿ ನಾನು ನೋಡೋದು 30ರಿಂದ 80.

ಕಾಗದ ತಗೊಂಡು ಲೆಕ್ಕ ಹಾಕಿ. ಲಾರಿಯ ಉದ್ದ 10 ಮೀಟರ್, ಹಿಂದೆ 10, ಮುಂದೆ 10 ಬಿಟ್ಟರೆ, ನಿಮ್ಮ ಗಾಡಿಯ ಉದ್ದವೂ ಸೇರಿ, ಲಾರಿಗಿಂತ 35 ಮೀಟರ್ ಹೆಚ್ಚು ಓಡಬೇಕು. ಗಾಡಿಯ ವೇಗ ಪ್ರತಿ ಸೆಕೆಂಡಿಗೆ 9 ಕಿಲೋಮೀಟರಿನಂತೆ ಏರಿದರೆ ಸುಮಾರು 5.3 ಸೆಕೆಂಡ್ ಸಾಕು. ಸೆಕೆಂಡಿಗೆ ಐದೂವರೆಯಂತೆ ಏರಿದರೆ 6.8 ಸೆಕೆಂಡ್ ಬೇಕು. ಒಂದೂವರೆ ಸೆಕೆಂಡ್ ತಾನೇ ಅನ್ನಬೇಡಿ. ಎದುರಿಂದ 50ರಲ್ಲಿ ಬಸ್ ಬರ್ತಿದೆ ಅಂದುಕೊಳ್ಳಿ. ಮೊದಲನೇ ಗಾಡಿಗೆ ಖಾಲಿ ರಸ್ತೆ ಸುಮಾರು 150 ಮೀಟರ್ ಕಾಣಬೇಕು, ಎರಡನೆಯದಕ್ಕೆ 185. ನಮ್ಮ ಮಲೆನಾಡಿನ ತಿರುವುಗಳಲ್ಲಿ ಆ 35 ಮೀಟರ್ ಎಷ್ಟೋ ಕಡೆ ಇರೋದೇ ಇಲ್ಲ.

ಇದಕ್ಕೆ ಟರ್ಬೊದ ಆಕಳಿಕೆ ಸೇರಿಸಿ. ಒಂದು ಸೆಕೆಂಡ್ ತಡವಾದರೂ ನೀವೂ ಎದುರಿನ ಬಸ್ಸೂ ಸೇರಿ 22 ಮೀಟರ್ ರಸ್ತೆ ನುಂಗಿರುತ್ತೀರಿ. ಕಾಲು ಒತ್ತಿದ್ದಕ್ಕೂ ಗಾಡಿ ಎದ್ದಿದ್ದಕ್ಕೂ ನಡುವೆ ಎಷ್ಟು ಹೊತ್ತು? ಯಾವ ಕಂಪನಿಯೂ ಅಚ್ಚು ಹಾಕಿಸದ ಈ ಅಂಕಿಯೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ.

ಇಲ್ಲಿ ನನ್ನ ಸಿಟಿಯ ಪರವಾಗಿ ಒಂದು ಮಾತು. ಎರಡನೇ ಗೇರಿಗೆ ಮೊದಲೇ ಇಳಿಸಿ, ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಇಟ್ಟುಕೊಂಡು ಲಾರಿ ಹಿಂದೆ ಕಾದಿದ್ದರೆ, ಕಾಲಿಟ್ಟ ಕ್ಷಣವೇ ಓಡುತ್ತೆ. ಆಕಳಿಕೆ ಇಲ್ಲವೇ ಇಲ್ಲ. ಆದರೆ ನಾಲ್ಕನೇ ಗೇರಿನಲ್ಲೇ ಒತ್ತಿದಿರೋ, ಸದ್ದು ಮಾತ್ರ ಬರುತ್ತೆ, ಗಾಡಿ ಬರಲ್ಲ. ಹಳೇ ಗಾಡಿ ಕೆಲಸವನ್ನು ನಿಮ್ಮ ಕೈಲಿ ಮಾಡಿಸುತ್ತೆ. ಹೊಸದು ತಾನೇ ಮಾಡಿಕೊಳ್ಳುತ್ತೆ.

ಆಟೊಮ್ಯಾಟಿಕ್ ನಿಧಾನ ಅಲ್ವಾ?

ಹಿಂದೆ ಹೌದು. ಹಳೇ ನಾಲ್ಕು ಗೇರಿನ ಆಟೊಮ್ಯಾಟಿಕ್‌ಗಳು ಶಕ್ತಿ ತಿಂದುಬಿಡ್ತಿದ್ದವು. ಈಗಿನ ಡ್ಯುಯಲ್ ಕ್ಲಚ್ (ಎರಡು ಕ್ಲಚ್‌ನ) ಗೇರ್ ಪೆಟ್ಟಿಗೆಯಲ್ಲಿ ಮುಂದಿನ ಗೇರ್ ಮೊದಲೇ ಸಿದ್ಧವಾಗಿ ಕೂತಿರುತ್ತೆ, ಬದಲಾಗುವಾಗ ಎಳೆತ ಬಿಟ್ಟುಹೋಗಲ್ಲ. ಕೈಯಿಂದ ಬದಲಿಸಿದರೆ ಎಂಥ ಪಳಗಿದವರಿಗೂ ಒಂದೊಂದು ಸಲಕ್ಕೂ ಅರ್ಧ ಸೆಕೆಂಡಿನ ಹತ್ತಿರ ಹೋಗುತ್ತೆ. ಎರಡನೇ ಗೇರಿನಲ್ಲೇ ನೂರು ಮುಟ್ಟುವ ಗಾಡಿಗೂ, ತೊಂಬತ್ತಾರಕ್ಕೇ ಮೂರನೇ ಗೇರ್ ಕೇಳುವ ಗಾಡಿಗೂ ಕಾಗದದ ಮೇಲಿನ ವ್ಯತ್ಯಾಸ ಎಷ್ಟೋ ಸಲ ಇಷ್ಟೇ ಆಗಿರುತ್ತೆ.

ಒಂದೇ ತಕರಾರು: ನಿಧಾನವಾಗಿ ಹೋಗುತ್ತಿದ್ದು ದಿಢೀರನೆ ಒತ್ತಿದರೆ ಪೆಟ್ಟಿಗೆ ಒಂದು ಗಳಿಗೆ ಯೋಚನೆ ಮಾಡುತ್ತೆ. ಓವರ್‌ಟೇಕ್‌ಗೆ ಮೊದಲೇ ಸ್ಪೋರ್ಟ್ ಮೋಡಿಗೆ ಹಾಕಿಕೊಂಡರೆ ಆಯ್ತು.

ಹಾರ್ಸ್‌ಪವರ್ ಇಷ್ಟು ಏರಿದರೂ ಸೆಕೆಂಡ್ ಅಷ್ಟು ಇಳಿದಿಲ್ಲ, ಯಾಕೆ?

ಸ್ಕೋಡಾದ ಆಕ್ಟೇವಿಯಾ ಆರ್‌ಎಸ್ ನೋಡಿ. (ಡಿಕ್ಕಿ ತೆಗೆದರೆ ಹಿಂದಿನ ಗಾಜೂ ಜೊತೆಗೇ ಏಳುತ್ತೆ, ಅದು ಸೆಡಾನ್ ಅಲ್ಲ ಅಂತ ವಾದ ಮಾಡೋರಿದ್ದಾರೆ. ನಮ್ಮ ಕಡೆ ಡಿಕ್ಕಿ ಇದ್ದರೆ ಸೆಡಾನ್.) ಮೊದಲು ಬಂದಿದ್ದು 1.8 ಟರ್ಬೊ, 150 ಹಾರ್ಸ್‌ಪವರ್, ಮ್ಯಾನುಯಲ್ ಗೇರ್. 2017ರಲ್ಲಿ 230 ಹಾರ್ಸ್‌ಪವರಿನದ್ದು ಬಂತು, ಕಂಪನಿ ಹೇಳಿದ್ದು 6.8 ಸೆಕೆಂಡ್. 2020ರಲ್ಲಿ 245ರದ್ದು, ಭಾರತಕ್ಕೆ 200 ಗಾಡಿ ಮಾತ್ರ. 2025ರಲ್ಲಿ 265ರದ್ದು, ಬರೀ 100 ಗಾಡಿ, 6.4 ಸೆಕೆಂಡ್. 230ರಿಂದ 265ಕ್ಕೆ ಏರಿದರೂ ಉಳಿದಿದ್ದು 0.4 ಸೆಕೆಂಡ್. ಮುಂದಿನ ಎರಡೇ ಚಕ್ರ ಅಷ್ಟೂ ಶಕ್ತಿಯನ್ನು ನೆಲಕ್ಕೆ ಇಳಿಸಬೇಕಲ್ಲ. ಹೊರಡುವಾಗ ಗಾಡಿಯ ಭಾರ ಹಿಂದಕ್ಕೆ ವಾಲುತ್ತೆ, ಮುಂದಿನ ಟೈರು ಹಗುರಾಗುತ್ತೆ, ಸುಮ್ಮನೆ ತಿರುಗುತ್ತೆ. ಮೊದಲ ಐವತ್ತು ಕಿಲೋಮೀಟರ್ ವೇಗದ ತನಕ ಲಗಾಮು ಟೈರಿನ ಕೈಯಲ್ಲಿ, ಎಂಜಿನ್ ಮಾತು ನಡೆಯಲ್ಲ.

ನಾಲ್ಕು ಚಕ್ರಕ್ಕೂ ಶಕ್ತಿ ಹೋದರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಇಷ್ಟವಾದ ಹೋಲಿಕೆ ಬಿಎಂಡಬ್ಲ್ಯುದ್ದೇ. 1998ರಲ್ಲಿ ಬಂದ ಇ39 ಎಂ5 ಆ ಕಾಲದ ದೊರೆ: ಹತ್ತಿರ ಹತ್ತಿರ ಐದು ಲೀಟರಿನ ವಿ8 (ಎಂಟು ಸಿಲಿಂಡರ್) ಎಂಜಿನ್, 400 ಹಾರ್ಸ್‌ಪವರ್, 500 ನ್ಯೂಟನ್ ಮೀಟರ್, ಹಿಂದಿನ ಚಕ್ರಕ್ಕೆ ಮಾತ್ರ ಎಳೆತ, ಮ್ಯಾನುಯಲ್ ಗೇರ್. ಕಂಪನಿಯ ಲೆಕ್ಕ 5.3 ಸೆಕೆಂಡ್. 2021ರಲ್ಲಿ ಭಾರತಕ್ಕೆ ಬಂದು ಚೆನ್ನೈನಲ್ಲಿ ಜೋಡಣೆಯಾದ ಎಂ340ಐನದ್ದು ಮೂರು ಲೀಟರಿನ ಆರು ಸಿಲಿಂಡರ್, ಹಾರ್ಸ್‌ಪವರ್ 387, ಟಾರ್ಕ್ ಅದೇ 500. ಕಂಪನಿಯ ಲೆಕ್ಕ 4.4 ಸೆಕೆಂಡ್. ಹಾರ್ಸ್‌ಪವರ್ ಕಡಿಮೆ ಇದ್ದೂ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚು ಬೇಗ. ಹಳೇದರಲ್ಲಿ ಪೂರ್ತಿ ಟಾರ್ಕ್ ಸಿಗೋಕೆ 3800 ಆರ್‌ಪಿಎಂ ತನಕ ಕಾಯಬೇಕು, ಹೊಸದರಲ್ಲಿ 1900ಕ್ಕೇ ಸಿಗುತ್ತೆ. ನಾಲ್ಕೂ ಚಕ್ರ ನೆಲ ಕಚ್ಚುತ್ತವೆ. ಎಂಟು ಗೇರಿನ ಆಟೊಮ್ಯಾಟಿಕ್ ತಪ್ಪು ಮಾಡಲ್ಲ. ಎರಡನ್ನೂ ಓಡುತ್ತಿರುವಾಗಲೇ, ಸರಿಯಾದ ಗೇರಿನಲ್ಲಿ ಇಟ್ಟು ಒತ್ತಿದರೆ ಅಂತರ ಇಷ್ಟಿರಲ್ಲ. ಹಳೇ ಗಾಡಿ ಹಿಂದೆ ಬೀಳೋದು ಹೆಚ್ಚಾಗಿ ಹೊರಡುವ ಜಾಗದಲ್ಲೇ.

ನೀವು ಅಳೆಯೋದು ಎಲ್ಲಿ, ಹೇಗೆ?

ಹಾಸನದ ಹೊರಗೆ ಪರಿಚಯದವರ ಒಂದು ಲೇಔಟ್ ಇದೆ. ಟಾರು ಬಿದ್ದಿದೆ, ಸೈಟು ಕಲ್ಲು ನೆಟ್ಟಿದ್ದಾರೆ, ಮನೆ ಒಂದೂ ಎದ್ದಿಲ್ಲ. ಮಾಲೀಕರನ್ನು ಕೇಳಿ, ಗೇಟು ಹಾಕಿಸಿ, ಬೆಳಗ್ಗೆ ಆರಕ್ಕೆ ಹೋಗ್ತೀವಿ. ಮೊದಲ ಕೆಲಸ ರಸ್ತೆಯ ಆ ತುದಿಯಿಂದ ಈ ತುದಿಗೆ ನಡೆದುಕೊಂಡು ಹೋಗಿ ಸೆಗಣಿ, ಜಲ್ಲಿ ಗುಡಿಸೋದು. ಎರಡನೆಯದು ಮೇಯೋಕೆ ಬಿಟ್ಟ ಹಸು ಎಲ್ಲಿದೆ ಅಂತ ನೋಡೋದು. ಹಗ್ಗ ಉದ್ದ ಇದ್ದರೆ ಅವತ್ತಿನ ಟೆಸ್ಟ್ ಅಲ್ಲಿಗೆ ಬಂದ್.

ಆ ರಸ್ತೆ ಕಣ್ಣಿಗೆ ಮಟ್ಟಸ. ಆದರೆ ಅದೇ ಗಾಡಿ ಪೂರ್ವಕ್ಕೆ ಹೋದರೆ ಬೇಗ, ಪಶ್ಚಿಮಕ್ಕೆ ಬಂದರೆ ನಿಧಾನ. ತಲೆ ಕೆಡಿಸಿಕೊಂಡು ಕೊನೆಗೆ ನೀರಿನ ಬಾಟಲಿ ಅಡ್ಡ ಮಲಗಿಸಿ ನೋಡಿದೆವು, ಉರುಳಿಕೊಂಡು ಹೋಯ್ತು. ನೂರು ಮೀಟರಿಗೆ ಒಂದೇ ಮೀಟರ್ ಇಳಿಜಾರು ಇದ್ದರೂ, ಎಂಟು ಸೆಕೆಂಡಿನ ಗಾಡಿಗೆ 0.2 ಸೆಕೆಂಡಿನ ಲಾಭ. ಆ ಕಡೆಯಿಂದ ಬಂದರೆ ಅಷ್ಟೇ ನಷ್ಟ. ಅದಕ್ಕೇ ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಬೇಕು. ಒಂದೇ ದಿಕ್ಕಿನ ವಿಡಿಯೊ ತೋರಿಸಿ ಬೀಗುವವರನ್ನು ನಾನು ನಂಬಲ್ಲ.

ಸ್ಪೀಡೊಮೀಟರ್ ನೋಡಿ ಸ್ಟಾಪ್‌ವಾಚ್ ಒತ್ತೋದೂ ಬೇಡ. ಸ್ಪೀಡೊಮೀಟರ್ ನಿಜಕ್ಕಿಂತ ಕಡಿಮೆ ತೋರಿಸುವ ಹಾಗಿಲ್ಲ, ಹೆಚ್ಚು ತೋರಿಸಬಹುದು. ಹಾಗಾಗಿ ಎಲ್ಲ ಕಂಪನಿಯವರೂ ಸ್ವಲ್ಪ ಮುಂದಿಟ್ಟೇ ಕಳಿಸ್ತಾರೆ. ಮುಳ್ಳು ನೂರು ಅಂದಾಗ ನಿಜವಾದ ವೇಗ 94 ಆಗಿದ್ದರೆ, ಮುಕ್ಕಾಲು ಸೆಕೆಂಡ್ ಪುಕ್ಕಟೆ ಸಿಕ್ಕಿತು ಅಂತ ಲೆಕ್ಕ. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಓದುತ್ತೆ, ಅದೂ ಸಾಲದು. ಸೆಕೆಂಡಿಗೆ ಹತ್ತು ಸಲವಾದರೂ ಓದುವ ಪುಟ್ಟ ಜಿಪಿಎಸ್ ಪೆಟ್ಟಿಗೆ ಬೇಕು. ಅಮೆರಿಕದವರ ಅಂಕಿ ನೋಡುವಾಗ ಇನ್ನೊಂದು ಎಚ್ಚರ: ಅವರು ಮೊದಲ ಒಂದು ಅಡಿ ಉರುಳಿದ ಮೇಲೆ ಗಡಿಯಾರ ಶುರು ಮಾಡ್ತಾರೆ. ಅಲ್ಲೇ 0.3 ಸೆಕೆಂಡ್ ಮಾಯ.

ಗಾಡಿಯಲ್ಲಿ ಎಷ್ಟು ಜನ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್, ಎಸಿ ಆನ್ ಇತ್ತೋ ಇಲ್ಲವೋ ಬರೆದುಕೊಳ್ಳಿ. ಡಿಕ್ಕಿಯಲ್ಲಿ 50 ಕೆಜಿಯ ಕಾಫಿ ಮೂಟೆ ಮರೆತು ಅಳೆದು, ಗಾಡಿ ನಿಧಾನ ಅಂತ ಕೊರಗಿದ ಭಾಮೈದನ ಹೆಸರು ಹೇಳಲ್ಲ.

ಬೈಪಾಸ್‌ನಲ್ಲಿ ಬೆಳಗಿನ ಜಾವ ಮಾಡಬಹುದಾ?

ಬೇಡ. ಸಾರ್ವಜನಿಕ ರಸ್ತೆಯಲ್ಲಿ ರೇಸು, ವೇಗದ ಪಂದ್ಯ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ನಸುಕಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೊರಟ ಟಿವಿಎಸ್ ಎಕ್ಸ್‌ಎಲ್‌ಗೆ ಹಿಂದೆ ಲೈಟ್ ಇರುತ್ತೆ ಅಂತ ನಂಬಿಕೊಂಡಿದ್ದೀರಾ?

ಹಳೇ ಗಾಡಿಯ ಕಳೆದುಹೋದ ಪಿಕಪ್ ವಾಪಸ್ ಬರುತ್ತಾ?

ಎಷ್ಟೋ ಸಲ ಬರುತ್ತೆ, ಅದೂ ಕಡಿಮೆ ಖರ್ಚಿನಲ್ಲಿ. ನನ್ನದೇ ಕಥೆ ಕೇಳಿ. ಎರಡು ವರ್ಷ ಎಂಜಿನ್ ಸವೆದಿದೆ ಅಂತಲೇ ನಂಬಿದ್ದೆ. ಒಂದು ದಿನ ಮೆಕ್ಯಾನಿಕ್ ಎಂಜಿನ್ ಆಫ್ ಮಾಡಿಸಿ, ಬಾನೆಟ್ ಎತ್ತಿ, ಮಗನನ್ನು ಸೀಟಿನಲ್ಲಿ ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತು ಅಂದರು. ಗಾಳಿ ಹೋಗುವ ದಾರಿಯ ಬಿಲ್ಲೆ ಮುಕ್ಕಾಲು ಮಾತ್ರ ತೆರೆಯಿತು. ಕೇಬಲ್ ಸಡಿಲವಾಗಿತ್ತು, ಅದರ ಮೇಲೆ ನಾನು ಹಾಕಿಸಿದ್ದ ದಪ್ಪ ಮ್ಯಾಟ್ ಪೆಡಲಿಗೆ ಅಡ್ಡ. ಒಂದು ನಟ್ ತಿರುಗಿಸಿದರು, ಮ್ಯಾಟ್ ಕಿತ್ತು ಹಿಂದಿನ ಸೀಟಿಗೆ ಎಸೆದರು. ದುಡ್ಡು ಬೇಡ ಅಂದಿದ್ದಕ್ಕೆ ಕಾಫಿ ಕುಡಿಸಿ ಬಂದೆ. ಹೊಸ ಗಾಡಿಗಳಲ್ಲಿ ಕೇಬಲ್ಲೇ ಇಲ್ಲ, ವೈರಿನಲ್ಲಿ ಸಂದೇಶ ಹೋಗುತ್ತೆ.

ಆಮೇಲೆ ನೋಡಬೇಕಾದ್ದು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್. ನಾಲ್ಕನೇ ಗೇರಿನಲ್ಲಿ 40ಕ್ಕೆ ಹೋಗುತ್ತಾ ಪೂರ್ತಿ ಒತ್ತಿ: ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಘಾಟಿಯಲ್ಲಿ ಹಾಫ್ ಕ್ಲಚ್‌ನಲ್ಲೇ ನಿಲ್ಲಿಸುವವರಿಗೆ ಇದು ಗ್ಯಾರಂಟಿ. ಟರ್ಬೊ ಗಾಡಿ ಆದರೆ ರಬ್ಬರ್ ಹೋಸ್ ಎಲ್ಲಾದರೂ ಬಿರುಕು ಬಿಟ್ಟಿದೆಯಾ ನೋಡಿಸಿ. ಇವೆಲ್ಲ ಸರಿ ಇದ್ದೂ ಎಳೆಯದಿದ್ದರೆ ಮಾತ್ರ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ.

ಇ20 ಪೆಟ್ರೋಲಿನಿಂದ ಪಿಕಪ್ ಹೋಯ್ತಾ?

ಇ20 ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಏಟು ಬೀಳೋದು ಮೈಲೇಜಿಗೆ. ಎಂಜಿನ್ ಕಂಪ್ಯೂಟರ್ ಇರುವ ಗಾಡಿಗಳು ಸ್ವಲ್ಪ ಹೆಚ್ಚು ಪೆಟ್ರೋಲ್ ಚಿಮ್ಮಿಸಿ ಸರಿದೂಗಿಸಿಕೊಳ್ಳುತ್ತವೆ, ಪಿಕಪ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣಲ್ಲ. ಕಾರ್ಬ್ಯುರೇಟರ್ ಇರುವ ಹಳೇ ಎಸ್ಟೀಮ್‌ಗೆ ಆ ಬುದ್ಧಿ ಇಲ್ಲ, ಒತ್ತಿದಾಗ ಮುಗ್ಗರಿಸಬಹುದು. ಹಳೇ ಗಾಡಿಯಲ್ಲಿ ಪಿಕಪ್‌ಗಿಂತ ಮೊದಲು ರಬ್ಬರ್ ಪೈಪುಗಳ ಕಡೆ ಕಣ್ಣಿಡಿ.

ಮಳೆಗಾಲದಲ್ಲಿ?

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಪುಟವನ್ನೇ ಮರೆತುಬಿಡಿ. ಟೈರಿನ ಮೇಲೆ ದುಡ್ಡು ಹಾಕಿ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ನಡೆದಿದ್ದು ನೆನಪಿರಬಹುದು. 2013, 2016, 2017ರಲ್ಲಿ ಆ ಚಾಂಪಿಯನ್ ಪಟ್ಟ ಗೆದ್ದ ಗೌರವ್ ಗಿಲ್‌ರಂಥವರಿಗೂ ಕೆಸರು ಹಿಡಿತ ಕೊಟ್ಟಷ್ಟೇ ವೇಗ.

ಜೋರು ಹೋಗೋದು ಸರಿ, ನಿಲ್ಲೋದು?

ಇದನ್ನು ಕೇಳಿದ್ದು ನನ್ನ ಹೆಂಡತಿ ಒಬ್ಬಳೇ. ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯವಾಗಿದ್ದು 2019ರಲ್ಲಿ. ನನ್ನ ಗಾಡಿಯಲ್ಲಿ ಅದಿಲ್ಲ. ಚಾರ್ಮಾಡಿ ಇಳಿಯುವಾಗ ಅವಳು ಕೂರೋದು ವರ್ಟಸ್‌ನಲ್ಲಿ.

ಎಲೆಕ್ಟ್ರಿಕ್ ಬಂದಮೇಲೆ ಈ ಜಗಳಕ್ಕೆ ಅರ್ಥ ಇದೆಯಾ?

ಅಂಕಿ ಮಾತ್ರ ನೋಡಿದರೆ ಇಲ್ಲ. 2024ರಲ್ಲಿ ಬಂದ ಬಿವೈಡಿ ಸೀಲ್‌ನ ನಾಲ್ಕು ಚಕ್ರದ ಎಳೆತದ ಮಾದರಿಗೆ 530 ಹಾರ್ಸ್‌ಪವರ್, ಕಂಪನಿಯ ಲೆಕ್ಕ 3.8 ಸೆಕೆಂಡ್. ತೂಕ ಎರಡು ಟನ್ ದಾಟುತ್ತೆ, ಆದರೂ ಕಾಲಿಟ್ಟಿದ್ದಕ್ಕೂ ಎದ್ದಿದ್ದಕ್ಕೂ ನಡುವೆ ಅಂತರವೇ ಇಲ್ಲ. ಮೋಟಾರಿಗೆ ಗಾಳಿ ಬೇಕಿಲ್ಲ, ಹಾಗಾಗಿ ಮುಳ್ಳಯ್ಯನಗಿರಿಯೂ ಒಂದೇ, ಮಲ್ಪೆಯೂ ಒಂದೇ. ಲಾರಿ ದಾಟುವ ಮೇಲಿನ ಲೆಕ್ಕದಲ್ಲಿ ಇದನ್ನು ಹಿಡಿಯುವ ಪೆಟ್ರೋಲ್ ಸೆಡಾನ್ ನಮ್ಮ ಬಜೆಟ್‌ನಲ್ಲಿ ಇಲ್ಲ. ಬಿವೈಡಿಯೂ ನಮ್ಮ ಬಜೆಟ್‌ನಲ್ಲಿ ಇಲ್ಲ, ಅದು ಬೇರೆ ವಿಷಯ.

ಹಾಗಾದ್ರೆ ನಿಮ್ಮ ಸಿಟಿ ಮಾರ್ತೀರಾ?

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಇಲ್ಲ. ಹೋದ ವಾರ ತಾನೇ ಕ್ಲಚ್ ಪ್ಲೇಟ್ ಹಾಕಿಸಿದ್ದೀನಿ.